ಕಡೆಗಣ್ಣಿನ ಪ್ರವಾಸ

ಮೊದಲ 12 ನಿಮಿಷ ಸಿನಿಮಾ ಚಿಕ್ಕದಾಗಿಯೇ ಇರುತ್ತದೆ. ಲೋವೆಲ್ ಥಾಮಸ್ ಎಂಬ ಪತ್ರಕರ್ತರು ಕಪ್ಪು-ಬಿಳುಪಿನ ಚೌಕಟ್ಟಿನೊಳಗೆ ಗುಹೆಯ ಚಿತ್ರಗಳಿಂದ ಸಿನಿಮಾದವರೆಗಿನ ಕಥೆ ಹೇಳುತ್ತಾರೆ. ಮಾತು ಮುಗಿದದ್ದೇ ತಡ, ಪರದೆ ಎಡಬಲಕ್ಕೆ ಸರಿದು, ಸರಿದು, ಇನ್ನೂ ಸರಿದು, ನ್ಯೂಯಾರ್ಕಿನ ರಾಕವೇಸ್ ಪ್ಲೇಲ್ಯಾಂಡಿನ ರೋಲರ್ ಕೋಸ್ಟರಿನಲ್ಲಿ ನಮ್ಮನ್ನು ಕೂರಿಸಿಬಿಡುತ್ತದೆ. 1952ರ ಸೆಪ್ಟೆಂಬರ್ 30ರಂದು ತೆರೆಕಂಡ ‘ದಿಸ್ ಈಸ್ ಸಿನೆರಾಮಾ’ ಶುರುವಾಗುವುದು ಹೀಗೆ. ಕಥೆಯಿಲ್ಲ, ನಾಯಕನಿಲ್ಲ. ಊರು, ನೀರು, ಆಕಾಶ, ಅಷ್ಟೆ. ಎಷ್ಟು ಸಲ ನೋಡಿದ್ದರೂ ಆ ಗಳಿಗೆಗೆ ನನ್ನ ಬೆನ್ನು ನೆಟ್ಟಗಾಗುತ್ತದೆ.

ಇದರ ಗುಟ್ಟು ಕಂಡುಕೊಂಡವರು ಫ್ರೆಡ್ ವಾಲರ್. ಅಲ್ಲೇ ಇದ್ದೇವೆ ಎಂದು ನಮಗೆ ಅನ್ನಿಸಬೇಕಾದರೆ ಎದುರಿಗಿರುವುದು ಕಂಡರೆ ಸಾಲದು, ಕಡೆಗಣ್ಣೂ ತುಂಬಬೇಕು ಎಂಬುದು ಅವರ ನಂಬಿಕೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗನ್ನರ್‌ಗಳಿಗೆ ಇದೇ ತತ್ತ್ವದ ಮೇಲೆ ತರಬೇತಿ ಯಂತ್ರ ಕಟ್ಟಿಕೊಟ್ಟಿದ್ದರು. ಸಿನೆರಾಮಾಕ್ಕೆ ಒಂದೇ ಕ್ಯಾಮೆರಾದಲ್ಲಿ ಮೂರು ಲೆನ್ಸ್, ಮೂರು ಫಿಲ್ಮು. ಥಿಯೇಟರಿನಲ್ಲಿ ಮೂರು ಪ್ರೊಜೆಕ್ಟರ್‌ಗಳು ಹೆಜ್ಜೆ ತಪ್ಪದೆ ಓಡಿ, 146 ಡಿಗ್ರಿ ಬಾಗಿದ ಪರದೆಯನ್ನು ತುಂಬಬೇಕು. ಒಂದು ಬದಿಯ ಬೆಳಕು ಇನ್ನೊಂದಕ್ಕೆ ಚಿಮ್ಮಿ ಚಿತ್ರ ಮಂಕಾಗಬಾರದೆಂದು ಪರದೆಯನ್ನೇ ನೂರಾರು ಉದ್ದುದ್ದ ಪಟ್ಟಿಗಳಲ್ಲಿ ಕಟ್ಟಿದ್ದರು. ಎಂಥ ತಾಳ್ಮೆ!

ಹಾಗಾಗಿ ನಾನು ಈ ಚಿತ್ರವನ್ನು ಅಂಚುಗಳಿಂದ ನೋಡುತ್ತೇನೆ. ಒಂದು ಸಂಜೆ ಎಡಭಾಗ, ಇನ್ನೊಂದು ಸಂಜೆ ಬಲಭಾಗ. ವೆನಿಸ್ಸಿನ ಕಾಲುವೆಯಲ್ಲಿ ಗೊಂಡೋಲಾ ಸಾಗುವಾಗ ನಡುವಿನ ನೀರು ನಿಧಾನ. ಪಕ್ಕದ ಗೋಡೆಗಳದ್ದೇ ಅವಸರ, ಬಸ್ಸಿನ ಕಿಟಕಿಯಾಚೆ ಓಡುವ ಸಾಲುಮರಗಳ ಹಾಗೆ. ಪಾಲ್ ಮಾಂಟ್ಸ್ ಬಿ-25 ವಿಮಾನವನ್ನು ಗ್ರ್ಯಾಂಡ್ ಕ್ಯಾನ್ಯನ್ನಿನ ಕಡೆ ಹಾರಿಸಿದಾಗಲೂ ಅಷ್ಟೆ, ಎದುರಿನ ಬಂಡೆಗಿಂತ ಪಕ್ಕದಲ್ಲಿ ಜಾರಿಹೋಗುವ ಬಂಡೆಯೇ ಎದೆ ನಡುಗಿಸುತ್ತದೆ. ಮಿಲಾನಿನ ಲಾ ಸ್ಕಾಲಾದಲ್ಲಿ ಚಿತ್ರಿಸಿದ ‘ಐದಾ’ ಒಪೆರಾದ ಭಾಗ ಮಾತ್ರ ನನಗೆ ಉದ್ದವಾಯಿತು. ಅಲ್ಲಿ ಕಡೆಗಣ್ಣಿಗೆ ಕೆಲಸವಿಲ್ಲ. ಆಗ ಕಣ್ಣು ಮುಚ್ಚಿ, ಹೇಜರ್ಡ್ ರೀವ್ಸ್ ಏಳು ಧ್ವನಿಪಥಗಳಲ್ಲಿ ಹಿಡಿದ ಸಂಗೀತ ಕೇಳುತ್ತೇನೆ.

ಈ ಭಾಗ್ಯ ನಮ್ಮಂಥವರ ಮನೆಗೆ ಬಂದದ್ದು ವೃತ್ತಿಯಿಂದ ಸಂಕಲನಕಾರರಾದ ಡೇವಿಡ್ ಸ್ಟ್ರೋಮೈಯರ್ ಅವರ ಶ್ರಮದಿಂದ. ಚಿತ್ರವನ್ನು ಡಿಜಿಟಲ್ ಆಗಿ ಜೀರ್ಣೋದ್ಧಾರ ಮಾಡಿ 2012ರಲ್ಲಿ ಡಿಸ್ಕಿಗೆ ತಂದರು. ಟಿವಿಯ ಮಟ್ಟಸ ಪರದೆಯಲ್ಲೂ ಆ ಬಾಗು ಕಾಣಲೆಂದು ಚಿತ್ರವನ್ನು ನಡುವೆ ಕಿರಿದು, ಎರಡು ತುದಿಗಳಲ್ಲಿ ಎತ್ತರ ಮಾಡಿದ್ದಾರೆ. ನೋಡಬೇಕಾದ್ದು ಹಾಗೆಯೇ, ದೀಪ ಆರಿಸಿ, ಟಿವಿಗೆ ಹತ್ತಿರ ಕುಳಿತು. ಹಿಂದೆ ಥಿಯೇಟರುಗಳಲ್ಲಿ ಚಿತ್ರ ಕೂಡುವ ಕಡೆ ಎರಡು ಗೆರೆ ಎದ್ದು ಕಾಣುತ್ತಿದ್ದವು. ಅವನ್ನು ಮಸುಕಾಗಿಸಲು ಪ್ರೊಜೆಕ್ಟರಿನೊಳಗೆ ಬಾಚಣಿಗೆಯಂಥ ಹಲ್ಲುಗಳು ಕಂಪಿಸುತ್ತಿದ್ದವು. ಈಗ ಬಣ್ಣಗಳನ್ನು ಹೊಂದಿಸಿ ಗೆರೆಗಳನ್ನು ಬಹುಮಟ್ಟಿಗೆ ಅಳಿಸಿದ್ದಾರೆ. ಆದರೂ ನೆಟ್ಟನೆಯ ದಡ ಆ ಜಾಗಕ್ಕೆ ಬಂದಾಗ ಸಣ್ಣಗೆ ಮುರಿಯುತ್ತದೆ. ಅದು ಉಳಿದದ್ದೇ ನನಗೆ ಸಂತೋಷ. ಮೂರು ಕಣ್ಣುಗಳು ಕೂಡಿ ಕಂಡ ಲೋಕ ಎಂಬುದಕ್ಕೆ ಗುರುತು ಬೇಕಲ್ಲ.

ಈ ವಾರ ಸಿನೆರಾಮಾದ್ದೇ ಇನ್ನೊಂದು ಚಿತ್ರ, 1956ರ ‘ಸೆವೆನ್ ವಂಡರ್ಸ್ ಆಫ್ ದಿ ವರ್ಲ್ಡ್’ ಮತ್ತೆ ನೋಡಬೇಕೆಂದಿದ್ದೇನೆ. ಅದರಲ್ಲಿ ಡಾರ್ಜೀಲಿಂಗಿನ ಪುಟ್ಟ ರೈಲು ಹತೋಟಿ ತಪ್ಪಿ ಓಡುವ ದೃಶ್ಯವಿದೆ. ಆ ಹಳಿ ಅಂಗಡಿ-ಮನೆಗಳ ಬಾಗಿಲಿಗೆ ಒರೆಸಿಕೊಂಡಂತೆ ಹೋಗುತ್ತದೆ. ಈ ಸಲ ರೈಲನ್ನು ನೋಡದೆ, ಬಲತುದಿಯಲ್ಲಿ ಹಾದುಹೋಗುವವರನ್ನೇ ನೋಡಬೇಕು.