ಕೊಸರಿನ ಲೆಕ್ಕ

ಅಕ್ಕನ ಮಗ ಜರ್ಮನಿಯಲ್ಲಿದ್ದಾನೆ. ರವಿವಾರ ಅಲ್ಲಿ ಅಂಗಡಿಗಳೆಲ್ಲ ಬಂದ್. ಹೊತ್ತು ಹೋಗುವುದಿಲ್ಲವಾದ್ದರಿಂದ ಅಂದೇ ನನಗೆ ಫೋನು. ಹೋದ ಹೊಸದರಲ್ಲಿ ಹಿಮದ ಮಾತು, ರೈಲಿನ ಮಾತು ಇರುತ್ತಿತ್ತು. ಈಗ ಎಲ್ಲಿ ಎಷ್ಟು ಉಳಿಯಿತು ಅನ್ನುವುದೊಂದೇ. "ಮಾಮಾ, ನಿನ್ನೆ ಹನ್ನೆರಡು ಖಾಲಿ ಬಾಟ್ಲಿ ಒಯ್ದು ಕೊಟ್ಟು ಮೂರು ಯೂರೋ ತಂದ್ನಿ" ಅಂದ ಒಂದು ಸಲ. ನನ್ನ ಎದೆ ಧಸಕ್ಕೆಂದಿತು. ಹಿರೇಕೆರೂರಿನ ಹೊಲದಲ್ಲಿ ಹತ್ತಿ ಬೆಳೆದು, ಆ ದುಡ್ಡಿನಲ್ಲಿ ಇಂಜಿನಿಯರಿಂಗ್ ಓದಿಸಿದ ಹುಡುಗ, ಹೋಗಿ ಹೋಗಿ ಪರದೇಶದಲ್ಲಿ ಬಾಟಲಿ ಆಯುವುದೇ?

ಆಮೇಲೆ ಬಿಡಿಸಿ ಹೇಳಿದ. ನೀರಿನ, ಸೋಡಾದ ಬಾಟಲಿ ಕೊಂಡರೆ ಅದರ ಮೇಲೆ 25 ಸೆಂಟು ಠೇವಣಿ ಹಿಡಿಯುತ್ತಾರಂತೆ. 2003ರಲ್ಲಿ ಬಂದ ಪದ್ಧತಿ. ಖಾಲಿ ಬಾಟಲಿಯನ್ನು ಅಂಗಡಿಯಲ್ಲಿರುವ ಯಂತ್ರದ ಬಾಯಿಗಿಟ್ಟರೆ ಅದು ಬಾಟಲಿ ನುಂಗಿ ಚೀಟಿ ಉಗುಳುತ್ತದೆ, ಆ ಚೀಟಿ ತೋರಿಸಿದರೆ ದುಡ್ಡು. "ಅಷ್ಟೇನಾ!" ಅಂದೆ. ನಾನು ಸಣ್ಣವನಿದ್ದಾಗ ಹಾನಗಲ್ಲಿನಲ್ಲಿ ಗೋಲಿಸೋಡಾ ಮಾರುವವನಿಗೆ ಯಂತ್ರವೂ ಬೇಕಿರಲಿಲ್ಲ, ಠೇವಣಿಯೂ ಬೇಕಿರಲಿಲ್ಲ. ನಾವು ಕುಡಿದು ಮುಗಿಸುವತನಕ ಬಾಟಲಿಯನ್ನೇ ದಿಟ್ಟಿಸುತ್ತ ನಿಂತಿರುತ್ತಿದ್ದ. ಆ ನೋಟಕ್ಕೆ ಹೆದರಿ ಸೋಡಾ ಮೂಗಿಗೇರಿದ್ದು ಎಷ್ಟು ಸಲವೋ.

ಬಾಟಲಿಗೆ ಮೂರು ಯೂರೋ ಬಂದಿದ್ದೇನೋ ಸರಿ, ಕೊಸರು ಎಷ್ಟು ಬಂತು ಅಂತ ಕೇಳಿದೆ. ನಕ್ಕ. ಆ ದೇಶದಲ್ಲಿ ಎಲ್ಲ ಉಂಟು, ಕೊಸರು ಮಾತ್ರ ಇಲ್ಲವಂತೆ. ಬೆಲೆಯ ಪಟ್ಟಿಯಲ್ಲಿ 1.99 ಅಂತ ಇದ್ದರೆ, ಎರಡು ಯೂರೋ ಕೊಟ್ಟವನಿಗೆ ಒಂದು ಸೆಂಟನ್ನು ಎಣಿಸಿ ವಾಪಸು ಕೊಡುತ್ತಾರೆ. ಬಿಡುವುದೂ ಇಲ್ಲ, ಹಿಡಿಯುವುದೂ ಇಲ್ಲ. ನಮ್ಮಲ್ಲಿ ನಾಲ್ಕಾಣೆ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯಿತು. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಅಂಗಡಿಯವರು ನಾಲ್ಕಾಣೆಯ ಬದಲು ಪೆಪ್ಪರಮಿಂಟು ಕೊಡಲು ಶುರುಮಾಡಿದ್ದರು. ಸರಕಾರ ಆಮೇಲೆ ತಿಳಿದುಕೊಂಡಿತು.

ಕೊಸರು ಅನ್ನುವ ಮಾತೇ ಚಂದ. ತೂಕ ಮುಗಿದ ಮೇಲೆ ಮೇಲಿಂದ ಹಾಕುವ ಹಿಡಿಯೂ ಕೊಸರು, ಅದಕ್ಕಾಗಿ ನಾವು ಮಾಡುವ ಜಗ್ಗಾಟ ಕೊಸರಾಟ. ಬೆಲೆ ಇಳಿಸಿಕೊಂಡು ಬಂದವನು ಬರೇ ದುಡ್ಡು ಉಳಿಸಿದ; ಕೊಸರು ತಂದವನು ಸಂತೆಯವರ ಮನಸ್ಸು ಗೆದ್ದು ಬಂದ. ನಮ್ಮಪ್ಪನ ಕಾಲಕ್ಕೆ ಇದಕ್ಕೆ ಅನುಕೂಲ ಬಹಳ ಇತ್ತು. ಪಾವು, ಸೇರು ಅಳೆಯುವಾಗ ಮೇಲೆ ಗೋಪುರ ಏಳಿಸುವುದೇ ಒಂದು ಕಲೆ. ಕೈಯಿಂದ ಸವರಿದರೆ ಜಿಪುಣ, ಜಾರಿ ಬೀಳುವತನಕ ಏರಿಸಿದರೆ ಧರ್ಮಾತ್ಮ. ತಕ್ಕಡಿ ಬಂದಾಗಲೂ ಅಡ್ಡಿ ಆಗಲಿಲ್ಲ. ಮುಳ್ಳು ಗಿರಾಕಿಯ ಕಡೆ ಒಂದಿಷ್ಟು ವಾಲಿದರೆ ಸಾಕಾಗಿತ್ತು. 1957ರ ಏಪ್ರಿಲ್ ಒಂದರಿಂದ ಹದಿನಾರು ಆಣೆಯ ರೂಪಾಯಿ ಹೋಗಿ ನೂರು ಪೈಸೆಯ ರೂಪಾಯಿ ಬಂದರೂ, ಅಪ್ಪ ಸಾಯುವತನಕ ಸಂತೆಯಲ್ಲಿ ಆಣೆಯಲ್ಲೇ ಲೆಕ್ಕ ಮಾಡುತ್ತಿದ್ದ. ಆರೂಕಾಲು ಪೈಸೆಗೆ ಒಂದಾಣೆ. ಆ ಕಾಲು ಪೈಸೆ ಯಾವ ಕಡೆ ಹೋಗಬೇಕು ಅನ್ನುವುದರ ಮೇಲೆ ಅವನಿಗೂ ಉಳ್ಳಾಗಡ್ಡಿ ಮಾರುವವನಿಗೂ ವರ್ಷಗಟ್ಟಲೆ ವ್ಯಾಜ್ಯ.

ಈಗ ಸಂತೆಗೂ ಬ್ಯಾಟರಿ ತಕ್ಕಡಿ ಬಂದಿದೆ. ಮುಳ್ಳಿಲ್ಲ, ಕೆಂಪು ಅಂಕಿ ಮಾತ್ರ. ಇಲ್ಲಿಗೆ ಕೊಸರಿನ ಕತೆ ಮುಗಿಯಿತು ಅಂದುಕೊಂಡಿದ್ದೆ. ಮೊನ್ನೆ ಹಾನಗಲ್ ಸಂತೆಯಲ್ಲಿ ಒಬ್ಬ ಮುದುಕಿ ಬದನೆಕಾಯಿ ತೂಗಿದಳು. ಒಂದು ಕಿಲೋ ದಾಟಿ ನಲವತ್ತು ಗ್ರಾಂ ಹೆಚ್ಚು ತೋರಿಸಿತು. ನನ್ನ ಕಣ್ಣೆದುರಿಗೇ ಒಂದು ಬದನೆಕಾಯಿ ತೆಗೆದು ಬುಟ್ಟಿಗೆ ಒಗೆದಳು. ಮನಸ್ಸಿಗೆ ಕಸಿವಿಸಿಯಾಯಿತು. ಫೋನ್‌ಪೇ ಮಾಡಿದೆ, ಡಬ್ಬಿ ದೊಡ್ಡ ದನಿಯಲ್ಲಿ ರೊಕ್ಕ ಬಂತು ಅಂತ ಸಾರಿತು. ಎದ್ದು ಹೊರಟರೆ, "ಚೀಲ ತಗೀರಿ ಸರ" ಅಂದವಳೇ ಒಂದು ಹಿಡಿ ಹಸಿಮೆಣಸಿನಕಾಯಿ, ಅರ್ಧ ಸಿವುಡು ಕೊತಂಬರಿ, ಮೊದಲು ತೆಗೆದಿಟ್ಟಿದ್ದ ಅದೇ ಬದನೆಕಾಯಿ, ಮೂರನ್ನೂ ಚೀಲಕ್ಕೆ ಹಾಕಿದಳು. ತಕ್ಕಡಿಯ ಲೆಕ್ಕ ತಕ್ಕಡಿಗೆ. ಕೊಸರನ್ನು ತಕ್ಕಡಿಯ ಮೇಲಿಟ್ಟು ತೂಗಿದರೆ ಅದು ಕೊಸರು ಹೇಗಾದೀತು?

ನನ್ನಾಕೆಯದು ಸವಣೂರಿನ ತವರು. ಅಲ್ಲಿಯ ವೀಳ್ಯದೆಲೆಯ ಹೊರತು ಬೇರೆ ಎಲೆ ಎಲೆಯೇ ಅಲ್ಲ ಅನ್ನುವವಳು. ಹಾನಗಲ್ಲಿನಲ್ಲಿ ಎಲೆ ತುಟ್ಟಿಯಾದಾಗಲೆಲ್ಲ "ಸವಣೂರಿಗೆ ಹೋಗಿ ತಂದ್ರ ಅರ್ಧಾ ಉಳೀತೈತಿ" ಅಂತ ಹೊರಡುತ್ತಾಳೆ. 2023ರ ಜೂನ್ 11ರಿಂದ, ಅಂದರೆ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ದಿನದಿಂದ, ಅವಳ ಲೆಕ್ಕ ಪಕ್ಕಾ. ಕಂಡಕ್ಟರ್ ಅವಳಿಗೆ ಶೂನ್ಯ ಟಿಕೆಟ್ ಹರಿದು ಕೊಟ್ಟು, ನನ್ನ ಕಡೆ ತಿರುಗಿ ಕೈ ಚಾಚುತ್ತಾನೆ. ಇಡೀ ಪ್ರವಾಸದಲ್ಲಿ ಖರ್ಚು ಅಂತ ಇರುವುದು ನಾನೊಬ್ಬ. ಬಂಕಾಪುರ ದಾಟುವ ಹೊತ್ತಿಗೆ "ನೀವು ಬರದಿದ್ರೂ ನಡೀತಿತ್ತು" ಅಂದಿರುತ್ತಾಳೆ. ಸವಣೂರಿನಲ್ಲಿ ಇಳಿದು ಎಲೆ ಕಟ್ಟಿಸಿಕೊಂಡು, ಇಷ್ಟು ದೂರ ಬಂದು ಖಾರ ಒಯ್ಯದಿದ್ದರೆ ಹೇಗೆ ಅಂತ ಒಂದು ಕಿಲೋ ಸವಣೂರು ಖಾರ, ತಮ್ಮನ ಮಕ್ಕಳಿಗೆ ಅಂತ ಮತ್ತೊಂದು ಕಿಲೋ, ಚಹಾ, ನನ್ನ ಟಿಕೆಟ್ಟು. ಒಮ್ಮೆ ನಾನು ಇದನ್ನೆಲ್ಲ ಎಲೆಗೆ ಭಾಗಿಸಿ ತೋರಿಸಿದೆ, ಒಂದೊಂದು ಎಲೆ ಎಷ್ಟಕ್ಕೆ ಬಿತ್ತು ಅಂತ. ಅದಕ್ಕವಳು, "ಖಾರ ತಿಂದವರು ಯಾರು?" ಅಂದಳು. ನನ್ನ ಗಣಿತ ಅಲ್ಲಿಗೆ ನಿಂತಿತು.

ಆ ಊರಿನಲ್ಲಿ ಪೂರಾ ಪುಕ್ಕಟೆ ಸಿಗುವುದು ಒಂದೇ: ದೊಡ್ಡಹುಣಸೆ ಮಠದ ಆ ಮೂರು ಮರಗಳ ನೆರಳು. ಹೆಸರಿಗೆ ಹುಣಸೆ, ಜಾತಿಯಲ್ಲಿ ಆಫ್ರಿಕದ ಬಾವೊಬಾಬ್. ಒಬ್ಬಿಬ್ಬರ ತೆಕ್ಕೆಗೆ ಸಿಗದಂಥ ಬುಡ. ಎಂದೋ ಯಾರೋ ನೆಟ್ಟು ಹೋದರು, ಇಂದಿಗೂ ಯಾರೂ ಟಿಕೆಟ್ ಕೇಳುವುದಿಲ್ಲ.

ಅಳಿಯನಿಗೆ ಶಕ್ತಿ ಯೋಜನೆಯ ಸುದ್ದಿ ಹೇಳಿದರೆ ಅವನ ಹತ್ತಿರವೂ ಉತ್ತರ ತಯಾರಿತ್ತು. ಅದೇ ವರ್ಷ ಮೇ ಒಂದರಿಂದ ಅವರಲ್ಲಿ ತಿಂಗಳಿಗೆ 49 ಯೂರೋ ಟಿಕೆಟ್ ಬಂತಂತೆ. ವೇಗದ ದೂರದ ರೈಲು ಬಿಟ್ಟು ಉಳಿದ ರೈಲು, ಬಸ್ಸು, ಟ್ರ್ಯಾಮು ಎಲ್ಲಕ್ಕೂ ಅದೊಂದೇ. 2025ಕ್ಕೆ ಅದು 58 ಆಯಿತು ಅಂತ ಗೊಣಗಿದ. ಗಂಡಸರಿಗೂ ಉಂಟೋ ಅಂತ ಕೇಳಿದೆ. ಉಂಟಂತೆ. ಒಂದು ಗಳಿಗೆ ಆ ದೇಶದ ಮೇಲೆ ಗೌರವ ಹುಟ್ಟಿತು.

ಆದರೆ ಅಲ್ಲಿ ಕ್ಷೌರ ತುಟ್ಟಿ. ಒಂದು ಸಲ ತಲೆ ಕೊಟ್ಟರೆ ಇಪ್ಪತ್ತೈದು ಮೂವತ್ತು ಯೂರೋ ಕೀಳುತ್ತಾರೆ ಅಂತ ಅವನು ಮೆಷಿನ್ ಕೊಂಡು ತನ್ನ ತಲೆ ತಾನೇ ಹೆರೆದುಕೊಳ್ಳುತ್ತಾನೆ. ವಿಡಿಯೊದಲ್ಲಿ ತಿರುಗಿ ತೋರಿಸಿದ. ಹಿಂದುಗಡೆ ಇಲಿ ಕಡಿದ ಹಾಗಿತ್ತು. ನಾನು ಶಿಗ್ಗಾಂವಿಯಲ್ಲಿ ಮಾಸ್ತರಿಕೆ ಮಾಡಿದವನು; ನಿವೃತ್ತನಾದ ಮೇಲೂ ಕಟಿಂಗಿಗೆ ಅಲ್ಲಿಗೇ ಹೋಗುತ್ತೇನೆ. ಬಸ್ಸಿನ ಖರ್ಚು ಕಟಿಂಗಿಗಿಂತ ಹೆಚ್ಚಾದೀತು, ಇರಲಿ. ಆ ಖುರ್ಚಿಯಲ್ಲಿ ಸಿಗುವ ಕೊಸರು ಬೇರೆ ಎಲ್ಲಿ ಸಿಗಬೇಕು? ಆ ಕ್ಷೇತ್ರದ ಶಾಸಕರು 2021ರಲ್ಲಿ ಮುಖ್ಯಮಂತ್ರಿ ಆದಾಗ ಹೊಗಳಿಕೆ, ತೆಗಳಿಕೆ ಎರಡೂ ಒಂದೇ ಕಟಿಂಗಿನಲ್ಲಿ ಮುಗಿದವು. 2024ರ ನವೆಂಬರಿನ ಉಪಚುನಾವಣೆಯ ಹೊತ್ತಿಗೆ ಒಂದು ದಾಡಿಗೆ ಮುಕ್ಕಾಲು ತಾಸು. ಅರ್ಧ ಕೆನ್ನೆಗೆ ನೊರೆ ಹಚ್ಚಿಕೊಂಡು ಕೂತವನು ವಾದ ಮಾಡುವಂತಿಲ್ಲ ಅನ್ನುವುದೊಂದು ತೊಂದರೆ.

ಆ ಕ್ಷೌರಿಕನ ಅಜ್ಜ ರೊಕ್ಕಕ್ಕೆ ಕ್ಷೌರ ಮಾಡಿದವನೇ ಅಲ್ಲ. ಹನ್ನೆರಡು ಆಯಗಾರರಲ್ಲಿ ಒಬ್ಬ. ಬಡಿಗ, ಕಮ್ಮಾರ, ಅಗಸರ ಹಾಗೆ ವರ್ಷವೆಲ್ಲ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಅವನ ಪಾಲಿನ ಕಾಳು ಅಳೆಯುತ್ತಿದ್ದರು. ನನಗೆ ಇದೊಂದು ಸೊಗಸಾದ ಏರ್ಪಾಡು ಅನ್ನಿಸಿ, ಒಮ್ಮೆ ಅಲ್ಲೇ ಹಾಗಂದೆ. ಕತ್ತರಿ ನಿಂತಿತು. "ಮಳಿ ಆಗದ ವರ್ಷ ನಮ್ಮಜ್ಜ ಏನ್ ತಿಂತಿದ್ದ, ಅದನ್ನೂ ಕೇಳ್ರಿ ಸರ." ಆಮೇಲೆ ಆ ವಿಷಯ ಎತ್ತಲಿಲ್ಲ. ಕಡಿಮೆ ಖರ್ಚಿನ ಯಾವ ಏರ್ಪಾಡಿನಲ್ಲೂ ಉಳಿದ ದುಡ್ಡು ಯಾರ ಹೊಟ್ಟೆಯಿಂದ ಉಳಿಯಿತು ಅಂತ ಒಬ್ಬ ಕೇಳುವವನು ಇರುತ್ತಾನೆ.

ನಮ್ಮ ಜಿಲ್ಲೆಗೆ ದುಡ್ಡಿನ ವಿಷಯದಲ್ಲಿ ದೊಡ್ಡ ದೊಡ್ಡ ಹಿರಿಯರಿದ್ದಾರೆ. ಶಿಗ್ಗಾಂವಿ ತಾಲೂಕಿನ ಬಾಡದ ತಿಮ್ಮಪ್ಪನಿಗೆ ನೆಲ ಅಗೆಯುವಾಗ ಹೊನ್ನಿನ ಕೊಪ್ಪರಿಗೆ ಸಿಕ್ಕಿ ಕನಕನಾದ ಅಂತ ಕತೆ. ಸಿಕ್ಕಿದ್ದನ್ನು ಬಿಟ್ಟು ದಾಸನಾದ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರು ತಮ್ಮವನೆಂದು ಹೇಳಿಕೊಳ್ಳುವ ಸರ್ವಜ್ಞ, ಸಾಲದ ಸಂಕಟವನ್ನು ಮೂರು ಸಾಲಿನಲ್ಲಿ ಹೇಳಿ ಕಪ್ಪರ ಹಿಡಿದು ಹೋದ. ಒಬ್ಬ ಹೊನ್ನು ಒದ್ದವನು, ಇನ್ನೊಬ್ಬ ಹೊನ್ನನ್ನು ಮುಟ್ಟದವನು. ಇಬ್ಬರ ನಡುವೆ ಕೂತು ನಾವು ಮೆಂತೆಪಲ್ಯದ ಸಿವುಡಿಗೆ ಐದು ರೂಪಾಯಿ ಕಡಿಮೆ ಮಾಡಿಸುತ್ತಿದ್ದೇವೆ.

ಹಳೆ ಬಟ್ಟೆಗೆ ಭಾಂಡೆ ಕೊಡುವವರು ಬಂದರೆ ನಮ್ಮ ಓಣಿಯಲ್ಲಿ ಗಂಡಸರು ಮನೆ ಕಾಯಬೇಕು. ನಾನು ಶಿರಸಿಗೆ ಹೋಗಿದ್ದ ದಿನ ನನ್ನಾಕೆ ಎರಡು ಪ್ಯಾಂಟು, ಒಂದು ಅಂಗಿ ಕೊಟ್ಟು ಮುಚ್ಚಳದ ಸ್ಟೀಲ್ ಡಬ್ಬಿ ಇಳಿಸಿಕೊಂಡಳು. ಪ್ಯಾಂಟುಗಳಲ್ಲಿ ಒಂದು ಆರು ತಿಂಗಳಿಂದೀಚಿನದು. "ನಿಮಗದು ಒಪ್ತಿದ್ದಿಲ್ಲ ಬಿಡ್ರಿ" ಅಂದಳು. ಅಳಿಯನ ಊರಿನಲ್ಲಿ ಬೇಡದ ಸಾಮಾನನ್ನು ಪೆಟ್ಟಿಗೆಯಲ್ಲಿಟ್ಟು, ಒಯ್ಯಿರಿ ಅಂತ ಚೀಟಿ ಅಂಟಿಸಿ ಮನೆ ಮುಂದೆ ಇಡುತ್ತಾರೆ. ಅವನ ಮನೆಯ ಅರ್ಧ ಸಾಮಾನು ಹಾಗೆ ಬಂದಿದ್ದೇ. ಅದನ್ನು ಕೇಳಿ ನನ್ನಾಕೆ ಬಹಳ ಹೊತ್ತು ಮರುಗಿದಳು. "ಪುಕ್ಕಟೆ ಯಾಕ ಇಡಬೇಕು? ಒಂದು ಪರಾತವಾದ್ರೂ ಬರ್ತಿತ್ತಲ್ಲ!"

ಹೋದ ಬೇಸಗೆಯಲ್ಲಿ ಅಳಿಯ ರಜೆಗೆ ಬಂದ. ನಾನೂ ಹಿರೇಕೆರೂರಿಗೆ ಹೋದೆ. ಅಕ್ಕ, ಅವನು, ನಾನು ಮೂವರೂ ಸಂತೆಗೆ ಹೋದೆವು. ನಾವು ಕಾಯಿಪಲ್ಯದ ಕಡೆ ಇದ್ದಾಗ ಅವನೊಬ್ಬನೇ ಮುಂದೆ ಹೋಗಿ ಒಬ್ಬ ಮುದುಕಿಯ ಎದುರು ಕೂತಿದ್ದ. ಮಾವಿನಹಣ್ಣಿನ ಬುಟ್ಟಿ. ಡಜನ್ನಿಗೆ ಇನ್ನೂರು ಅಂದಳಂತೆ. ಈತ ತುಟಿ ಪಿಟಕ್ಕೆನ್ನದೆ ಇನ್ನೂರರ ನೋಟು ತೆಗೆದು ಕೊಟ್ಟುಬಿಟ್ಟ. ಮುದುಕಿ ನೋಟನ್ನೂ ನೋಡಿದಳು, ಇವನ ಮುಖವನ್ನೂ ನೋಡಿದಳು. ನೂರೈವತ್ತಕ್ಕೆ ನಿಲ್ಲಬೇಕು ಅಂತ ಹೊರಟ ಮಾತಿಗೆ ಅರ್ಧದಾರಿಯಲ್ಲಿ ಎದುರಿಗೆ ಯಾರೂ ಬರಲೇ ಇಲ್ಲ. ನಾವು ಹತ್ತಿರ ಹೋಗುವ ಹೊತ್ತಿಗೆ ಅವಳು ಬೈಯಲು ಶುರುಮಾಡಿದ್ದಳು.

"ಎಲ್ಲಿಯವ ತಮ್ಮಾ ನೀನು? ಒಂದ್ ಮಾತು ಕೇಳಬಾರದ? ಹೇಳಿದಷ್ಟು ಕೊಟ್ಟು ಎದ್ದು ಹೋದ್ರ ನನಗ ರಾತ್ರಿ ನಿದ್ದಿ ಹತ್ತೂದು ಬ್ಯಾಡೇನು? ಹಿಡಿ ಚೀಲಾ!"

ಎರಡು ಹಣ್ಣು ಹಾಕಿದಳು. ಯೋಚಿಸಿ ಮತ್ತೊಂದು ಹಾಕಿದಳು. ಬುಟ್ಟಿಯ ಬದಿಗಿದ್ದ ಉಪ್ಪಿನಕಾಯಿಗಾಗುವ ಹುಳಿ ಮಾವಿನಕಾಯಿ ನಾಲ್ಕು ಎತ್ತಿ ಅದರ ಮೇಲೆ ಹಾಕಿದಳು. ಜರ್ಮನಿಯಿಂದ ತಂದ ಅಂಗಡಿ ಚೀಲದ ಕಿವಿ ಜಗ್ಗತೊಡಗಿತು. ಅಳಿಯ "ಸಾಕಬೇ, ಸಾಕು" ಅನ್ನುತ್ತ ಚೀಲ ಹಿಂದಕ್ಕೆಳೆದುಕೊಳ್ಳಲು ನೋಡಿದ.

ಅಕ್ಕ ಹಿಂದಿನಿಂದ ಬಂದು ಅವನ ರಟ್ಟೆ ಹಿಡಿದಳು. "ಅವಗೇನ್ ತಿಳೀತೈತಿ, ನೀ ಹಾಕಬೇ. ಇನ್ನೆರಡು ಹಾಕು, ದೂರದಿಂದ ಬಂದಾನ."