ದಾರ ಕಟ್ಟಿದ ಪೆನ್ನು

ಇವತ್ತು ಹೋರಾಟದ ಪೋಸ್ಟ್ ಅಲ್ಲ, ಕಂಪ್ಯೂಟರ್ ವಿಷಯ. ಬಿಎ ಓದಿದ ಗುಮಾಸ್ತನಿಗೆ ಇದೆಲ್ಲ ಯಾಕೆ ಅಂತ ನಗಬೇಡಿ. ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮಕ್ಕನ ಮಗ ಬೆಂಗಳೂರಲ್ಲಿ ಡಿವೈಸ್ ಡ್ರೈವರ್ ಬರೆಯೋ ಕೆಲಸದಲ್ಲಿದ್ದಾನೆ. (ಇಂಜಿನಿಯರಿಂಗ್ ಓದಿಸಿ ಡ್ರೈವರ್ ಕೆಲಸಕ್ಕೆ ಕಳಿಸಿದ್ರಾ ಅಂತಾರೆ ಅಂತ ಅಕ್ಕ ಆರು ತಿಂಗಳು ಊರಲ್ಲಿ ಯಾರಿಗೂ ಹೇಳಿರಲಿಲ್ಲ.) ಪ್ರಿಂಟರು, ಕೀಬೋರ್ಡು, ಬೆರಳಚ್ಚು ತಗೊಳೋ ಮಷೀನು ಇವುಗಳ ಮಾತನ್ನ ಆಪರೇಟಿಂಗ್ ಸಿಸ್ಟಮ್‌ಗೆ ಮುಟ್ಟಿಸೋ ತಂತ್ರಾಂಶವೇ ಡ್ರೈವರು. ಕಳೆದ ಯುಗಾದಿಗೆ ಬಂದವನು ಮುಖ ಇಳಿಬಿಟ್ಕೊಂಡು ಕೂತಿದ್ದ. "ಮಾವ, ಕೆಲಸ ಬಿಡ್ತೀನಿ" ಅಂದ.

ಏನಾಗಿತ್ತು ಅಂದ್ರೆ, ಅವರ ಡಿವೈಸನ್ನ ಕಂಪ್ಯೂಟರಿಂದ ಕೀಳುವಾಗ ಒಂದೊಂದು ಸಲ ಇಡೀ ಮಷೀನು ನಿಂತು ಹೋಗ್ತಿತ್ತು. ಇವನ ಟೇಬಲ್ಲಲ್ಲಿ ಮೂರು ದಿನಕ್ಕೊಮ್ಮೆ. ಮೀಟಿಂಗಲ್ಲಿ ಹೇಳಿದ್ರೆ ಸೀನಿಯರ್‌ಗಳು "ನಮ್ಮ ಮಷೀನಲ್ಲಿ ಬರ್ತಿಲ್ಲ, ನೀನೇ ಏನೋ ತಪ್ಪು ಮಾಡಿದೀಯ" ಅಂದ್ರಂತೆ. ಈ ರಾಗ ನನಗೆ ಹೊಸದಲ್ಲ. "ಈಗೆಲ್ಲಿದೆ ರೀ ಜಾತಿ, ನಾವಂತೂ ನೋಡಿಲ್ಲ" ಅನ್ನೋರ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತಿದೀನಿ.

ಅದೇನು ದೋಷ ಅಂತ ಕೇಳಿದೆ. "ರೇಸ್ ಕಂಡೀಷನ್" ಅಂದ. ಇಬ್ಬರು ಒಂದೇ ವಸ್ತುವಿನ ಮೇಲೆ ಒಟ್ಟಿಗೆ ಕೆಲಸ ಮಾಡುವಾಗ, ಯಾರು ಮೊದಲು ಮುಗಿಸ್ತಾರೆ ಅನ್ನೋದರ ಮೇಲೆ ಫಲಿತಾಂಶ ಬದಲಾಗೋದು. ಅರ್ಧ ಹೇಳುವಷ್ಟರಲ್ಲೇ ನನಗೆ ಎದೆ ಧಸಕ್ಕಂತು. ಇದನ್ನ ನಾನೇ ಮಾಡಿದೀನಿ.

ಹನ್ನೆರಡು ವರ್ಷದ ಹಿಂದೆ ನಾನು ಟಪಾಲು ವಿಭಾಗದಲ್ಲಿದ್ದೆ. ನಮ್ಮ ಕಾಲೋನಿಯ ಹಿರಿಯರು ಸ್ಮಶಾನದ ಜಾಗಕ್ಕೆ ಅರ್ಜಿ ತಂದರು. ಊಟದ ಹೊತ್ತು, ಜನ ಜಾಸ್ತಿ, ಒಂದೇ ಆವಕ ರಿಜಿಸ್ಟರಿಗೆ ನಾವಿಬ್ಬರು. ಕೊನೇ ನಂಬರು ನೋಡಿದೆ, 417. ಅರ್ಜಿ ಮೇಲೆ 418 ಅಂತ ಬರೆದು ಸೀಲು ಹಾಕಿ ಸ್ವೀಕೃತಿ ಕೊಟ್ಟೆ. ರಿಜಿಸ್ಟರಿಗೆ ಹತ್ತಿಸಬೇಕು, ಅಷ್ಟರಲ್ಲಿ ಸಾಹೇಬರು ಕರೆದರು. ಪಕ್ಕದವನೂ 417 ನೋಡಿಯೇ ತನ್ನ ಕಾಗದಕ್ಕೆ 418 ಕೊಟ್ಟಿದ್ದ, ರಿಜಿಸ್ಟರಲ್ಲೂ ಬರೆದ. ನಾನು ವಾಪಸ್ ಬಂದು ನೋಡಿದರೆ 418 ತುಂಬಿದೆ. ನಾನೇ ಬರೆದು ಹೋಗಿದೀನಿ ಅಂದ್ಕೊಂಡೆ. ಎಂಟು ತಿಂಗಳಾದ ಮೇಲೆ ಹಿರಿಯರು ಸ್ವೀಕೃತಿ ಚೀಟಿ ಹಿಡ್ಕೊಂಡು ಬಂದಾಗ 418ರಲ್ಲಿದ್ದದ್ದು ಯಾರೋ ಗುತ್ತಿಗೆದಾರನ ಬಿಲ್ಲು. ಆ ಎಂಟು ತಿಂಗಳಲ್ಲಿ ಕಾಲೋನಿಯಲ್ಲಿ ಇಬ್ಬರು ತೀರಿಕೊಂಡಿದ್ದರು. ಇಬ್ಬರನ್ನೂ ಹಳ್ಳದ ಅಂಚಲ್ಲಿ ಮಣ್ಣು ಮಾಡಿದ್ವಿ.

ಇದನ್ನ ಇವತ್ತಿನವರೆಗೆ ಎಲ್ಲೂ ಬರೆದಿರಲಿಲ್ಲ. ಯಾವನೋ ಬೇಕಂತ ಅರ್ಜಿ ಹರಿದು ಹಾಕಿದ್ರೆ ಧರಣಿ ಕೂರಬಹುದಿತ್ತು. ಬರೆದವನು ನಾನೇ.

"ನೋಡಿದ್ದಕ್ಕೂ ಬರೆದದ್ದಕ್ಕೂ ಮಧ್ಯೆ ಒಂದು ಸಂದು ಇತ್ತಲ್ಲ ಮಾವ, ಅದೇ" ಅಂದ ಹುಡುಗ. ನಮ್ಮದು ಐದು ನಿಮಿಷದ ಸಂದು. ಅವನದು ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಪಾಲು ಚಿಕ್ಕದು, ಅದಕ್ಕೇ ಯಾರಿಗೂ ಕಾಣಲ್ಲ. ಡಿವೈಸ್ ಕಿತ್ತ ತಕ್ಷಣ ಡ್ರೈವರು ತನ್ನ ಮೆಮೊರಿ ಜಾಗವನ್ನ ಬಿಟ್ಟುಕೊಡತ್ತೆ. ಆದರೆ ಮುಂಚೆಯೇ ಸರದಿಗೆ ಹಾಕಿದ್ದ ಒಂದು ಕೆಲಸ ಇನ್ನೂ ಓಡ್ತಿದ್ರೆ, ಅದು ತನ್ನದಲ್ಲದ ಜಾಗಕ್ಕೆ ಹೋಗಿ ಬರೆಯತ್ತೆ. ಖಾಲಿ ಮಾಡಿದ ಬಾಡಿಗೆ ಮನೆಯ ಬೀಗದ ಕೈ ಹಳಬನ ಹತ್ತಿರವೇ ಉಳಿದ ಹಾಗೆ.

ಸೀನಿಯರ್ ಕೊಟ್ಟ ಪರಿಹಾರ ಕೇಳಿ: ಜಾಗ ಬಿಡೋ ಮೊದಲು ಹತ್ತು ಮಿಲಿಸೆಕೆಂಡ್ ತಡ ಮಾಡು. ಮಾಡಿದ. ಮೂರು ದಿನಕ್ಕೆ ಬರೋದು ಮೂರು ವಾರಕ್ಕೆ ಬಂತು. ಎಲ್ಲರೂ ಚಪ್ಪಾಳೆ. 'ಸ್ವಲ್ಪ ತಡ್ಕೊಳಿ' ಅನ್ನೋ ಪರಿಹಾರ ನಮಗೆ ಗೊತ್ತಿಲ್ದೇ ಇರೋದಾ!

ಊರಿಂದ ವಾಪಸ್ ಹೋದವನು ಒಂದು ಕೆಲಸ ಮಾಡಿದ, ನನಗೆ ಬಹಳ ಹಿಡಿಸಿತು. ಅದೇ ತಡವನ್ನ ತೆಗೆದು, ಸರದಿಯಲ್ಲಿದ್ದ ಕೆಲಸದ ಹೊಟ್ಟೆಯೊಳಗೆ ಹಾಕಿದ. ಸಂದು ಅಗಲ ಆಯ್ತು. ಈಗ ಕಿತ್ತಾಗಲೆಲ್ಲ ಮಷೀನು ನಿಲ್ತಿತ್ತು, ಇವನದಷ್ಟೇ ಅಲ್ಲ, ಸೀನಿಯರ್‌ಗಳದ್ದೂ. ಕೆಎಎಸ್ಎಎನ್ ಅಂತ ಕರ್ನಲ್ ಒಳಗೇ ಒಂದು ಪತ್ತೇದಾರ ಇದೆ, ಜಾಗ ಬಿಟ್ಟವರು ಯಾರು, ಬಿಟ್ಟ ಮೇಲೆ ಮುಟ್ಟಿದವರು ಯಾರು ಅಂತ ಎರಡೂ ಜಾಡು ಅಚ್ಚು ಹಾಕಿ ಕೊಡತ್ತೆ. ಅದನ್ನ ಮೀಟಿಂಗಲ್ಲಿ ಇಟ್ಟ. ಸರಿಯಾದ ರಿಪೇರಿ ತಡ ಅಲ್ಲ, ಕ್ರಮ: ಮೊದಲು ಹೊಸ ಕೆಲಸ ಒಳಗೆ ಬಿಡಬೇಡ, ಸರದಿಯಲ್ಲಿರೋದನ್ನ ರದ್ದು ಮಾಡು, ಓಡ್ತಿರೋದು ನಿಜವಾಗಿ ಮುಗಿಯೋವರೆಗೆ ಕಾಯಿ, ಆಮೇಲೆ ಜಾಗ ಬಿಡು. ಇದಕ್ಕೆ ಕ್ಯಾನ್ಸಲ್_ವರ್ಕ್_ಸಿಂಕ್ ಅಂತ ಸಿದ್ಧ ಸಾಧನವೇ ಕರ್ನಲ್‌ನಲ್ಲಿದೆ.

ದೊಡ್ಡವರ ಕೋಡಲ್ಲೂ ಇದು ಉಂಟು ಅಂತ ಒಂದು ಕತೆ ಹೇಳಿದ. ಲಿನಕ್ಸಲ್ಲಿ ಎನ್_ಎಚ್‌ಡಿಎಲ್‌ಸಿ ಅಂತ ಒಂದು ಹಳೇ ಡ್ರೈವರು, ಸೀರಿಯಲ್ ಲೈನಿಗೆ ಸಂಬಂಧಪಟ್ಟದ್ದು. 2009ರ ಜೂನ್‌ನಲ್ಲಿ ಅದಕ್ಕೆ ಬಫರ್ ಖಾಲಿ ಮಾಡೋ ಸೌಲಭ್ಯ ಸೇರಿಸಿದಾಗ ಸಂದು ಬಿತ್ತು. ಒಬ್ಬ ದತ್ತಾಂಶ ಕಳಿಸ್ತಿರುವಾಗ ಇನ್ನೊಬ್ಬ ಖಾಲಿ ಮಾಡಿದರೆ, ಒಂದೇ ಬಫರು 'ಖಾಲಿ ಇವೆ' ಅನ್ನೋ ಪಟ್ಟಿಗೆ ಎರಡು ಸಲ ಸೇರ್ತಿತ್ತು. ನನ್ನ 418ರ ಹಾಗೆ. ಅದನ್ನ ಹಿಡಿದು ಸಾಮಾನ್ಯ ಬಳಕೆದಾರ ಇಡೀ ಸಿಸ್ಟಮ್‌ನ ಯಜಮಾನ ಆಗಬಹುದಿತ್ತು. ಆ ಹಾರ್ಡ್‌ವೇರ್ ಮಷೀನಲ್ಲಿ ಇರಬೇಕು ಅಂತಲೂ ಇಲ್ಲ. 2017ರ ಮಾರ್ಚಲ್ಲಿ ಅಲೆಕ್ಸಾಂಡರ್ ಪೊಪೊವ್ ಅನ್ನೋ ಸಂಶೋಧಕ ಬಯಲು ಮಾಡಿದ. ಹತ್ತಿರ ಹತ್ತಿರ ಎಂಟು ವರ್ಷ. ಅವನ ರಿಪೇರಿಯಲ್ಲಿ ಜಗಳದ ಮೂಲವಾಗಿದ್ದ ಆ ಒಂಟಿ ಗುರುತನ್ನೇ ಕಿತ್ತು, ಕರ್ನಲ್‌ನ ಮಾಮೂಲಿ ಪಟ್ಟಿಯನ್ನ ಬಳಸಿದ.

ನಾನು ಮಾಡಿದ ರಿಪೇರಿ ಸಣ್ಣದು. ರಿಜಿಸ್ಟರಿಗೆ ದಾರದಲ್ಲಿ ಒಂದು ಪೆನ್ನು ಕಟ್ಟಿದೆ. ಅದನ್ನ ಹಿಡಿದವನೇ ನಂಬರು ಕೊಡಬೇಕು, ಮೊದಲು ರಿಜಿಸ್ಟರಿಗೆ, ಆಮೇಲೆ ಕಾಗದಕ್ಕೆ. ಕೇಳಿ ಹುಡುಗ ನಕ್ಕುಬಿಟ್ಟ, "ಮಾವ, ಇದೇ ಮ್ಯೂಟೆಕ್ಸ್! ಆದ್ರೆ ಒಬ್ಬ ಜೇಬಿನ ಪೆನ್ನು ತೆಗೆದ್ರೂ ಮುಗೀತು." ನಿಜ. ಎಲ್ಲರೂ ಅದೇ ಪೆನ್ನು ಹಿಡೀಬೇಕು, ಸಾಹೇಬರೂ.

ಒಂದು ಮಾತಿಗೆ ಮಾತ್ರ ಅವನ ಜತೆ ವಾದ ಆಯ್ತು. ರೇಸಲ್ಲಿ ಯಾರು ಸೋಲ್ತಾರೆ ಅನ್ನೋದು ಅದೃಷ್ಟ ಅಂದ. ಇರಬಹುದು. ಆದರೆ ಆವತ್ತು ಗುತ್ತಿಗೆದಾರನ ಬಿಲ್ಲು ತಪ್ಪಿ ಹೋಗಿದ್ರೆ ಮಾರನೇ ದಿನವೇ ಸಿಕ್ತಿತ್ತು, ಅವನ ಕಡೆಯವರು ದಿನಾ ಟೇಬಲ್ ಮುಂದೆ ನಿಲ್ತಿದ್ರು. ನಮ್ಮವರು ಒಂದು ದಿನದ ಕೂಲಿ ಬಿಟ್ಟು ಬರಬೇಕು. ಅದಕ್ಕೆ ಎಂಟು ತಿಂಗಳು. ಹುಡುಗ ಸುಮ್ಮನಾದ. ಅಂದಹಾಗೆ ಅವನ ಪ್ಯಾಚ್ ಸೇರಿಸಿದ್ದಾರೆ, ಕೆಲಸ ಬಿಟ್ಟಿಲ್ಲ.

ಸ್ಮಶಾನದ ಅರ್ಜಿ ಮತ್ತೆ ಕೊಟ್ಟೆವು. ಜಾಗ ಗುರುತಿಸಿದ್ದಾರೆ, ಸರ್ವೆ ಆಗಿದೆ, ಕಲ್ಲು ಇನ್ನೂ ನೆಟ್ಟಿಲ್ಲ. ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಕೇಳೋಕೆ ಹೋಗ್ತಿದೀವಿ. ಬರೋರು ಹಳೇ ಸ್ವೀಕೃತಿ ಚೀಟಿ ಇದ್ರೆ ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ.