ಒಂದು ತೂತಿನ ಲೆಕ್ಕ

"ಒಂದು ತೂತು ಹೊಡೆಯೋಕೆ ಅರ್ಧ ದಿನ ಬೇಕೇನ್ರಿ?"

ಮೆಕ್ಕೆಜೋಳದ ಸುಗ್ಗಿ ಶುರುವಾದರೆ ನಮ್ಮ ಶೆಡ್ಡಿನ ಮುಂದೆ ದಿನಕ್ಕೊಬ್ಬರಾದರೂ ಈ ಮಾತು ಆಡುತ್ತಾರೆ. ಅವರದೇನೂ ತಪ್ಪಿಲ್ಲ. ಜೋಳ ಕಣದಲ್ಲಿದೆ, ಮೇಲೆ ಮೋಡ ಕಟ್ಟಿದೆ, ಬಿಡಿಸುವ ಮಷಿನ್ ನಿಂತಿದೆ. ಅಂಥ ಹೊತ್ತಿನಲ್ಲಿ ಅಣ್ಣ ಕಬ್ಬಿಣದ ಬಿಲ್ಲೆ ಮೇಲೆ ನಿಧಾನಕ್ಕೆ ಗೆರೆ ಎಳೆಯುತ್ತಾ ಕೂತಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಹರಿಹರದ ಕಡೆಯ ಊರು ನಮ್ಮದು. ಮನೆ ಹಿತ್ತಲಲ್ಲಿ ತಗಡಿನ ಶೆಡ್ಡು. ಒಳಗೆ ಒಂದು ಹಳೇ ಲೇತ್, ಒಂದು ಪಿಲ್ಲರ್ ಡ್ರಿಲ್, ಒಂದು ವೈಸ್, ಒಂದು ಗ್ರೈಂಡರ್. ಅಣ್ಣ ಐಟಿಐನಲ್ಲಿ ಎರಡು ವರ್ಷ ಫಿಟ್ಟರ್ ಕಲಿತವನು. ಪೇಪರ್‌ಗೆ ಸುದ್ದಿ ಕಳಿಸಿ ಬಂದ ಮೇಲೆ ಲೆಕ್ಕದ ಪುಸ್ತಕ ನೋಡುವುದು, ಗಿರಾಕಿಗಳ ಜೊತೆ ಮಾತಾಡುವುದು ನಮ್ಮ ಪಾಲು. ಬೈಗುಳವೂ ಮೊದಲು ನಮಗೇ. ಹಾಗಾಗಿ ಆ ಅರ್ಧ ದಿನ ಎಲ್ಲಿ ಹೋಗುತ್ತದೆ ಅನ್ನುವುದನ್ನು ಒಮ್ಮೆ ಬರೆದುಬಿಡೋಣ ಅಂತ ಕೂತಿದ್ದೇವೆ.

ಹೋದ ಸುಗ್ಗಿಯಲ್ಲಿ ಪಕ್ಕದೂರಿನ ರೈತರೊಬ್ಬರು ಜೋಳ ಬಿಡಿಸುವ ಮಷಿನ್ನಿನ ಕಪ್ಲಿಂಗ್ ತಂದರು. ಎರಡು ದಿನಕ್ಕೊಂದು ಬೋಲ್ಟು ತುಂಡಾಗುತ್ತಿತ್ತು. ಗಟ್ಟಿ ಬೋಲ್ಟು ಹಾಕಿದರೂ ಅಷ್ಟೇ. ಬಿಚ್ಚಿ ನೋಡಿದರೆ ನಾಲ್ಕೂ ತೂತುಗಳನ್ನು ವೆಲ್ಡಿಂಗ್ ರಾಡಿನಲ್ಲಿ ಕರಗಿಸಿ ಮಾಡಿದ್ದರು. ಯಾವುದೂ ದುಂಡಗಿಲ್ಲ, ಒಂದರ ಎದುರಿಗೆ ಒಂದು ಸರಿಯಾಗಿ ಕೂರುವುದಿಲ್ಲ. ನಾಲ್ಕು ಜನ ಪಲ್ಲಕ್ಕಿ ಹೊತ್ತಾಗ ಒಬ್ಬನೇ ಎತ್ತರದವನಿದ್ದರೆ ಭಾರ ಅವನ ಹೆಗಲಿಗೇ ಬೀಳುತ್ತದಲ್ಲ, ಹಾಗೆ. ಬೋಲ್ಟು ನಾಲ್ಕಿದ್ದರೂ ಎಳೆಯುತ್ತಿದ್ದುದು ಒಂದೇ. ಅದು ಮುರಿದ ಮೇಲೆ ಇನ್ನೊಂದರ ಸರದಿ.

ಅಣ್ಣ ಹೊಸ ಬಿಲ್ಲೆಗಳನ್ನು ಲೇತ್‌ನಲ್ಲಿ ತಿರುವಿ ತೆಗೆದ. ಅದಾದ ಮೇಲೆ ಮೈಲುತುತ್ತದ ನೀರು ಹಚ್ಚಿದ. ಅಡಿಕೆ ಬೆಳೆಯುವವರಿಗೆ ಮೈಲುತುತ್ತ ಗೊತ್ತಿರುತ್ತದೆ, ಬೋರ್ಡೋ ದ್ರಾವಣಕ್ಕೆ ಹಾಕುವುದು ಅದನ್ನೇ. ಎಣ್ಣೆ ಜಿಡ್ಡಿಲ್ಲದ ಉಕ್ಕಿಗೆ ಅದರ ನೀರು ತಾಗಿದರೆ ತಾಮ್ರದ ತೆಳು ಪದರ ಕೂರುತ್ತದೆ. ಅದರ ಮೇಲೆ ಚೂಪು ಮೊಳೆಯಲ್ಲಿ ಗೀರಿದರೆ ಕೆಂಪು ನೆಲದಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ. ಸೀಮೆಸುಣ್ಣದ ಗೆರೆಯೇ ಒಂದು ಮಿಲಿಮೀಟರ್ ದಪ್ಪ. ಅದರಲ್ಲಿ ನಡು ಯಾವುದು ಅಂತ ಹುಡುಕುವುದು ಹೇಗೆ?

ನೂರು ಮಿಲಿಮೀಟರ್ ಅಡ್ಡಳತೆಯ ವೃತ್ತದ ಮೇಲೆ ನಾಲ್ಕು ತೂತು ಸಮನಾಗಿ ಬರಬೇಕಾದರೆ ಪಕ್ಕಪಕ್ಕದ ಎರಡು ತೂತುಗಳ ನಡುವೆ 70.7 ಮಿ.ಮೀ. ಇರಬೇಕು. ಡಿವೈಡರ್ ಅನ್ನು ಆ ಅಳತೆಗೆ ಕಟ್ಟಿ ಸುತ್ತ ನಡೆಸಿದರೆ ನಾಲ್ಕನೇ ಹೆಜ್ಜೆ ಹೊರಟ ಜಾಗಕ್ಕೇ ಬಂದು ಬೀಳಬೇಕು. ಬೀಳದಿದ್ದರೆ ಗೆರೆ ಅಳಿಸಿ ಮತ್ತೆ ಮೊದಲಿನಿಂದ. ನೋಡುವವರಿಗೆ ಇದು ಆಟ ಆಡಿದ ಹಾಗೆ ಕಾಣುತ್ತದೆ.

ಆಮೇಲೆ ಪಂಚ್. ಮೊದಲು ಚೂಪಾದ ಪಂಚಿನಲ್ಲಿ ಸಣ್ಣ ಚುಕ್ಕಿ, ಅದು ಗೆರೆ ಕೂಡಿದ ಕಡೆಯೇ ಬಿದ್ದಿದೆಯಾ ಅಂತ ನೋಡಿ ಅಗಲ ಮೊನೆಯ ಸೆಂಟರ್ ಪಂಚಿನಲ್ಲಿ ಗುಳಿ. ಈ ಗುಳಿ ಯಾಕೆ ಬೇಕು ಅಂದರೆ, ಡ್ರಿಲ್ ಬಿಟ್ಟಿನ ತುದಿ ಸೂಜಿಯ ಹಾಗೆ ಚೂಪಲ್ಲ. ನಟ್ಟನಡುವೆ ಒಂದು ಮೊಂಡು ಅಂಚಿರುತ್ತದೆ. ಅದು ಕೊರೆಯುವುದಕ್ಕಿಂತ ಹೆಚ್ಚಾಗಿ ಉಜ್ಜುತ್ತದೆ, ಹಿಡಿತ ಸಿಗದಿದ್ದರೆ ಪಕ್ಕಕ್ಕೆ ಜಾರುತ್ತದೆ. ದಪ್ಪ ಬಿಟ್ಟಿನಲ್ಲಿ ಆ ಅಂಚೂ ದೊಡ್ಡದು. ಅದಕ್ಕೇ ಮೊದಲು 4 ಮಿ.ಮೀ. ಬಿಟ್ಟಿನಲ್ಲಿ ದಾರಿ ಮಾಡಿ, ಆಮೇಲೆ 11 ಮಿ.ಮೀ. ಬಿಟ್ಟು ಇಳಿಸುವುದು. 10 ಮಿ.ಮೀ. ಬೋಲ್ಟಿಗೆ 11 ಮಿ.ಮೀ. ತೂತು ಸಾಮಾನ್ಯ ಕೆಲಸಕ್ಕೆ ಸಾಕು.

ಬಿಟ್ಟು ಹರಿತವಾಗಿದ್ದರಷ್ಟೇ ಸಾಲದು, ಅದರ ಎರಡೂ ಅಂಚು ಸಮ ಇರಬೇಕು. ಮಾಮೂಲಿ ಬಿಟ್ಟಿನ ಮೊನೆ 118 ಡಿಗ್ರಿ, ಅಂದರೆ ನಡುಗೆರೆಯಿಂದ ಒಂದೊಂದು ಕಡೆಗೆ 59. ಸಾಣೆ ಹಿಡಿಯುವಾಗ ಒಂದು ಅಂಚು ಉದ್ದವಾದರೆ ತೂತು ಬಿಟ್ಟಿಗಿಂತ ದೊಡ್ಡದಾಗುತ್ತದೆ. ಇದನ್ನು ನೀವೂ ನಿಂತು ನೋಡಬಹುದು. ಮೆತ್ತನೆಯ ಉಕ್ಕು ಕೊರೆಯುವಾಗ ಎರಡು ಕಡೆಯಿಂದಲೂ ಒಂದೇ ತರದ ಸುರುಳಿ ಎದ್ದು ಬಂದರೆ ಬಿಟ್ಟು ಸರಿ ಇದೆ. ಒಂದೇ ಕಡೆಯಿಂದ ಬರುತ್ತಿದ್ದರೆ ಮಷಿನ್ ನಿಲ್ಲಿಸಿ ಅಂತ ಹೇಳಿ.

ವೇಗಕ್ಕೂ ಲೆಕ್ಕ ಉಂಟು. ಬಿಟ್ಟಿನ ದಪ್ಪ ಎರಡು ಪಟ್ಟಾದರೆ ಸುತ್ತು ಅರ್ಧ ಆಗಬೇಕು. ಮೆತ್ತನೆಯ ಉಕ್ಕಿಗೆ 5 ಮಿ.ಮೀ. ಬಿಟ್ಟು ನಿಮಿಷಕ್ಕೆ ಸುಮಾರು 1600 ಸುತ್ತು ತಿರುಗಿದರೆ, 10 ಮಿ.ಮೀ. ಬಿಟ್ಟು ಸುಮಾರು 800. ಬೇಗ ಮುಗಿಸಲು ದಪ್ಪ ಬಿಟ್ಟನ್ನು ಜೋರಾಗಿ ತಿರುಗಿಸಿದರೆ ಅದರ ಅಂಚು ಸುಟ್ಟು ನೀಲಿಯಾಗುತ್ತದೆ.

ಅವತ್ತು ಎರಡೂ ಬಿಲ್ಲೆ ಒಟ್ಟಿಗೆ ಬಿಗಿದು ಮೊದಲ ತೂತು ಹೊಡೆದು ಅದಕ್ಕೆ ಬೋಲ್ಟು ಹಾಕಿದ. ಆಮೇಲೆ ಅದರ ಎದುರಿನದು, ಅದಕ್ಕೂ ಬೋಲ್ಟು. ಕೊನೆಗೆ ಉಳಿದೆರಡು. ಹೀಗೆ ಮಾಡಿದರೆ ನಡುವೆ ಬಿಲ್ಲೆ ಕದಲುವುದಿಲ್ಲ. ರೈತರು ಹೊರಗೆ ಮೂರು ಸಲ ಬೀಡಿ ಹಚ್ಚಿದ್ದರು. ಬೆಳಿಗ್ಗೆ ತಂದಿದ್ದು ಮಧ್ಯಾಹ್ನ ಮೂರಕ್ಕೆ ಹೋಯಿತು. ಸುಗ್ಗಿ ಮುಗಿಯುವ ತನಕ ಆ ಕಪ್ಲಿಂಗ್ ಮತ್ತೆ ನಮ್ಮ ಶೆಡ್ಡಿಗೆ ಬರಲಿಲ್ಲ.

ಬೋಲ್ಟಿನ ತೂತಿಗೆ ಇಷ್ಟು ಸಾಕು. ಬೇರಿಂಗ್ ಕೂರುವ ಜಾಗದ್ದು ಬೇರೆಯೇ ಕತೆ. 6205 ನಂಬರಿನ ಬೇರಿಂಗ್ ಅಂದರೆ ಒಳಗೆ 25, ಹೊರಗೆ 52 ಮಿ.ಮೀ. ಆ 52ನ್ನು ಡ್ರಿಲ್ಲಿನಲ್ಲಿ ಮಾಡಲು ಆಗುವುದಿಲ್ಲ, ಲೇತ್‌ನಲ್ಲಿ ಚೂರುಚೂರೇ ಕೊರೆದು ತರಬೇಕು. ಇಲ್ಲಿ ಜಗಳ ಕೂದಲೆಳೆಗಿಂತ ಸಣ್ಣ ಅಳತೆಯದು.

ಇದೇ ಕೆಲಸದ ನಡುವೆ ಅಣ್ಣ ಎದ್ದು ಚಹಾ ಕುಡಿಯಲು ಹೋಗುವುದು. ಗಿರಾಕಿಗಳ ಪಿತ್ತ ನೆತ್ತಿಗೇರುವುದೂ ಆಗಲೇ. ಆದರೆ ಕೊರೆದ ಕಬ್ಬಿಣ ಬಿಸಿಯಾಗಿರುತ್ತದೆ, ಬಿಸಿಯಾದದ್ದು ಹಿಗ್ಗಿರುತ್ತದೆ. 30 ಡಿಗ್ರಿ ಹೆಚ್ಚು ಬಿಸಿ ಇದ್ದರೆ 52 ಮಿ.ಮೀ. ತೂತು ಸುಮಾರು 0.02 ಮಿ.ಮೀ. ದೊಡ್ಡದು ತೋರಿಸುತ್ತದೆ. ಬಿಸಿಯಲ್ಲಿ ಅಳೆದು ಸರಿ ಅಂದುಕೊಂಡರೆ ತಣ್ಣಗಾದಾಗ ಬಿಗಿ. ಆಮೇಲೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಬೇರಿಂಗ್ ಹೊಲದಲ್ಲಿ ಬಿಸಿಯಾಗಿ ಕಿರುಚುತ್ತದೆ. ಚಹಾ ಕುಡಿಯುವ ಹೊತ್ತೂ ಕೆಲಸದ ಹೊತ್ತೇ. ಸವೆದ ಷಾಫ್ಟಿಗೆ ಪಂಚಿನಲ್ಲಿ ಚುಕ್ಕಿ ಹೊಡೆದು ಬೇರಿಂಗ್ ಬಿಗಿ ಮಾಡಿಕೊಡುವವರೂ ಇದ್ದಾರೆ. ಅದು ಆ ಹೊತ್ತಿಗೆ ಮಾತ್ರ. ಚುಕ್ಕಿಗಳ ತುದಿ ಸವೆದರೆ ಮತ್ತೆ ಸಡಿಲ.

ಇನ್ನೊಂದು ಮಾತು, ಇದು ದುಡ್ಡಿನದಲ್ಲ. ಶೆಡ್ಡಿಗೆ ಬಂದವರು ಹೆಗಲ ಮೇಲಿನ ಟವೆಲ್ ತೆಗೆದಿಟ್ಟು ಬನ್ನಿ. ಬಗ್ಗಿ ನೋಡುವಾಗ ತಿರುಗುವ ಬಿಟ್ಟಿಗೆ ಟವೆಲ್ ಸಿಕ್ಕಿದರೆ ಎಳೆದುಕೊಳ್ಳುವುದು ಕತ್ತನ್ನು. ಡ್ರಿಲ್ ಮುಂದೆ ಅಣ್ಣ ಕೈಗೆ ಗ್ಲೌಸ್ ಹಾಕದಿರುವುದೂ ಇದೇ ಕಾರಣಕ್ಕೆ. ತೂತು ಇನ್ನೇನು ಆ ಕಡೆಗೆ ಬೀಳುತ್ತದೆ ಅನ್ನುವಾಗ ಬಿಟ್ಟು ಕಬ್ಬಿಣವನ್ನು ಕಚ್ಚಿಕೊಳ್ಳುತ್ತದೆ. "ಬಿಗಿಯೋದು ಬೇಡ, ನಾನೇ ಹಿಡ್ಕೊಂತೀನಿ ಬಿಡಣ್ಣ" ಅನ್ನುವವರಿಗೆ ನಾವು ಬೇಡ ಅನ್ನುವುದು ಅದಕ್ಕೇ. ಹಿಡಿದ ಪಟ್ಟಿ ಆಗ ಕತ್ತಿಯ ಹಾಗೆ ತಿರುಗುತ್ತದೆ.

ನಮ್ಮ ಲೇತ್ ಹರಿಹರದಲ್ಲೇ ಹುಟ್ಟಿದ್ದು, ಮೈಸೂರು ಕಿರ್ಲೋಸ್ಕರ್‌ನದು. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಹೋದ ಬೇಸಿಗೆಯಲ್ಲಿ ಗುಜರಿಯವರು ಬಂದು ಲೇತ್ ತೂಕಕ್ಕೆ ಕೇಳಿದರು. ಹೇಳಿದ ಮೊತ್ತ ನಮ್ಮ ಆರು ತಿಂಗಳ ಗಳಿಕೆಗಿಂತ ಹೆಚ್ಚು. ಅತ್ತಿಗೆ ಕೊಟ್ಟುಬಿಡಿ ಅಂದರು, ಅವರ ಮಾತಿನಲ್ಲೂ ನ್ಯಾಯ ಇತ್ತು. ಮಕ್ಕಳ ಶಾಲೆ ಫೀಸು ಯಾರಿಗೂ ಕಾಯುವುದಿಲ್ಲ. ಅಣ್ಣ ಈ ಒಂದು ಸುಗ್ಗಿ ನೋಡೋಣ ಅಂದ. ಪೇಟೆಯ ದೊಡ್ಡ ಮಷಿನ್ನುಗಳು ಒಂದೇ ತರದ ಸಾವಿರ ಬಿಲ್ಲೆ ಮಾಡಿಕೊಡುತ್ತವೆ. ನಿಮ್ಮ ಹಳೇ ಮಷಿನ್ನಿನ ಒಂದೇ ಒಂದು ಬಿಲ್ಲೆ ಅವತ್ತೇ ಬೇಕು ಅಂದರೆ ಹತ್ತಿರ ಒಂದು ಶೆಡ್ಡಿರಬೇಕು. ವೆಲ್ಡಿಂಗ್ ರಾಡಿನ ತೂತಿನ ರೇಟಿಗೇ ಅಳತೆಯ ತೂತನ್ನೂ ಕೇಳುತ್ತಾ ಹೋದರೆ ಅಂಥ ಶೆಡ್ಡು ಉಳಿಯುವುದಿಲ್ಲ.

ಹಾಗಂತ ಕೇಳಿದಷ್ಟು ಕೊಡಿ ಅಂತ ನಾವು ಹೇಳುವುದಿಲ್ಲ. ನಿಮ್ಮ ಖರ್ಚೂ ಹೊತ್ತೂ ಉಳಿಯುವ ದಾರಿ ಇದೆ. ಮುರಿದ ಭಾಗ ಒಂದನ್ನೇ ತರಬೇಡಿ, ಅದು ಕೂರುವ ಜೋಡಿ ಭಾಗವನ್ನೂ ತನ್ನಿ. ಹಳೇ ಬೇರಿಂಗ್ ಎಸೆಯಬೇಡಿ, ನಂಬರು ಅದರ ಮೇಲೇ ಇರುತ್ತದೆ. ತುಂಡಾದ ಬೋಲ್ಟನ್ನೂ ಜೇಬಿನಲ್ಲಿ ಹಾಕಿಕೊಂಡು ಬನ್ನಿ, ಎಲ್ಲಿ ತುಂಡಾಗಿದೆ ಅಂತ ನೋಡಿದರೆ ಅರ್ಧ ರೋಗ ಗೊತ್ತಾಗುತ್ತದೆ. ಸುಗ್ಗಿಗೆ ಹದಿನೈದು ದಿನ ಮೊದಲೇ ಮಷಿನ್ ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ. ಕಟಕಟ ಅಂದರೆ ಆಗಲೇ ತನ್ನಿ. ಆಗ ಮೇಲೆ ಮೋಡ ಇರುವುದಿಲ್ಲ, ಜಗಲಿ ಮೇಲೆ ಕೂತು ನೀವೂ ಒಂದು ಲೋಟ ಚಹಾ ಕುಡಿಯಬಹುದು.